ರಾತ್ರಿ ಹೊತ್ತು ಬಾಗಿಲು ತೆರೆದಿಡುವ ನನ್ನ ಹೊಟ್ಟೆಯ ಕವಾಟದವರಿಗೆ

ಮಧುಗಿರಿ,
ಕಾರ್ತೀಕ ಮಾಸ, 1984

ಸೀರೆಯ ನೆರಿಗೆ ಸಿಕ್ಕಿಸುವ ಜಾಗಕ್ಕಿಂತ ತುಸು ಕೆಳಗೆ, ಬಲಗಡೆಯಲ್ಲಿ, ಸುಖವಾಗಿ ನೆಲೆಸಿರುವ ಕವಾಟ ಮಹಾಶಯರ ಸನ್ನಿಧಿಗೆ ಮನೆಯ ಯಜಮಾನಿ ಬಾಗಿ ನಮಸ್ಕರಿಸಿ (ಹೆಚ್ಚು ಬಾಗಬಾರದೆಂದು ಡಾಕ್ಟರು ಹೇಳಿರುವುದರಿಂದ ಅರ್ಧ ಬಾಗಿ) ಬರೆದುಕೊಳ್ಳುವುದೇನೆಂದರೆ:

ಮಾನ್ಯರೇ,

ಇಷ್ಟು ದಿನ ಒಟ್ಟಿಗೇ ಇದ್ದರೂ ನಾವು ಕ್ರಮವಾಗಿ ಪರಿಚಯ ಮಾಡಿಕೊಂಡಿಲ್ಲ. ನಾನು ಸಿದ್ದಗಂಗಮ್ಮ, ಇಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು, ಸೈಕಲ್ ಶಾಪಿನ ರೇಣುಕಯ್ಯನವರ ಹೆಂಡತಿ. ಕತ್ತಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ತಮ್ಮಲ್ಲಿ ಖಾಸಗಿಯಾಗಿ ಮಾಡಿಕೊಂಡ ಮನವಿಗಳೆಲ್ಲ ವ್ಯರ್ಥವಾದ್ದರಿಂದ ಈಗ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ, ಮನ್ನಿಸಬೇಕು.

ನನ್ನ ದೊಡ್ಡ ಕರುಳು ಹುಣ್ಣಾಗಿ, ರಕ್ತ ಹೋಗಿ ಹೋಗಿ ನಾನು ಬಟ್ಟೆ ಒಣಹಾಕುವ ಕೋಲಿನಂತಾದಾಗ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅದನ್ನು ಪೂರ್ತಿ ತೆಗೆದು, ಸಣ್ಣ ಕರುಳನ್ನೇ ಮಡಚಿ ಹೊಟ್ಟೆಯೊಳಗೊಂದು ಚೀಲ ಹೊಲಿದು, ಅದರ ಬಾಯಿಗೆ ತಮ್ಮನ್ನು ಕಾವಲಿಟ್ಟರು. ಹೊರಗೆ ಚೀಲ ಕಟ್ಟಿಕೊಳ್ಳುವ ಹಂಗಿಲ್ಲ. ಹೊಟ್ಟೆಯ ಮೇಲೊಂದು ಪುಟ್ಟ ರಂಧ್ರ, ಅದರ ಮೇಲೊಂದು ಬಟ್ಟೆಯ ಚೂರು. ಹೊತ್ತು ಹೊತ್ತಿಗೆ ರಬ್ಬರ್ ನಳಿಕೆ ತೂರಿಸಿದರೆ ತಾವು ದಾರಿ ಬಿಡುವಿರಿ, ನಳಿಕೆ ತೆಗೆದರೆ ಬಾಗಿಲು ಹಾಕಿಕೊಳ್ಳುವಿರಿ. ಮೊದಲ ವರ್ಷ ತಮ್ಮ ಸೇವೆ ಎಷ್ಟು ನಿಷ್ಠೆಯದಾಗಿತ್ತೆಂದರೆ, ಪಾವಗಡದ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಮಿಡಿಗೇಶಿ ರಸ್ತೆಯ ಹಳ್ಳಗಳನ್ನೆಲ್ಲ ಹಾರಿ ಬಂದರೂ ಒಂದು ಹನಿ ಹೊರಬರುತ್ತಿರಲಿಲ್ಲ.

ಆಮೇಲೆ ತಮಗೆ ರಾತ್ರಿ ಕೆಲಸ ಬೇಸರವಾಯಿತು. ಹಗಲೆಲ್ಲ ಕಟ್ಟುನಿಟ್ಟಾಗಿದ್ದು, ನಾನು ಕಣ್ಣು ಮುಚ್ಚಿದ ಕೂಡಲೇ ಬಾಗಿಲು ತೆರೆದು ಒಳಗಿನದನ್ನೆಲ್ಲ ಹೊರಗೆ ಕಳುಹಿಸುವ ತಮ್ಮ ಔದಾರ್ಯವನ್ನು ಏನೆಂದು ಹೊಗಳಲಿ! ತಮ್ಮ ಮನಸ್ಸು ಗೆಲ್ಲಲು ನಾನು ಮಾಡದ ಸೇವೆಯಿಲ್ಲ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿದೆ. ಮಲಗುವ ಮುನ್ನ ಚೀಲ ಬರಿದು ಮಾಡಿದೆ. ಬೀದಿಬೀದಿಯಲ್ಲೂ ಹುರಿದ ಕಡಲೆಕಾಯಿ ಘಮಗುಡುವ ಈ ಊರಿನಲ್ಲಿ, ನಳಿಕೆಗೆ ಸಿಕ್ಕಿಕೊಳ್ಳುತ್ತದೆಂದು ಕಡಲೆಕಾಯಿ ಬಿಟ್ಟೆ. ಹಳೆಯ ಪಂಚೆ ಹರಿದು, ಮಡಿಕೆ ಮೇಲೆ ಮಡಿಕೆ ಮಾಡಿ ಹೊಟ್ಟೆಗೆ ಬಿಗಿದುಕೊಂಡು, ಮಗ್ಗುಲು ಬದಲಿಸದೆ ಅಂಗಾತ ಮಲಗಿದೆ. ತಾವು ಮಾತ್ರ ಪಂಚೆ ದಾಟಿ, ಸೀರೆ ದಾಟಿ, ಹಾಸಿಗೆಯ ಹತ್ತಿಯವರೆಗೆ ಪ್ರವಾಸ ಮಾಡಿಸಿದಿರಿ.

ಯಜಮಾನರಿಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಆಪರೇಷನ್ನಿಗೆ ಅವರು ಪಟ್ಟ ಪಾಡು ನೋಡಿದ್ದೆ. ‘ಮತ್ತೆ ಕೆಟ್ಟಿದೆ’ ಎನ್ನುವುದು ಹೇಗೆ? ಬೆನ್ನು ನೋವು, ನೆಲ ತಂಪಾಗಿರುತ್ತದೆ ಎಂದು ಸುಳ್ಳು ಹೇಳಿ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡೆ. ಅವರು ನನಗೆ ತಮ್ಮ ಮೇಲೆ ಮುನಿಸೆಂದು ತಿಳಿದರು. ಮೊದಲು ಕನಕಾಂಬರ ಬಂತು, ಆಮೇಲೆ ಶಿರಾದಿಂದ ಮಿಠಾಯಿ ಬಂತು, ಕೊನೆಗೆ ನನ್ನ ಸೈಕಲ್ಲಿಗೆ ಎರಡೆರಡು ಬೆಲ್ಲು ಬಂದವು. ಯಾವುದಕ್ಕೂ ನಾನು ಅಡುಗೆಮನೆ ಬಿಡದಿದ್ದಾಗ, ಅವರು ಕೊರಟಗೆರೆಗೆ ಹೋಗಿ ತಮ್ಮ ತಾಯಿ ಕರಿಬಸಮ್ಮನವರನ್ನೇ ಕರೆತಂದರು.

ನಮ್ಮತ್ತೆ ಬಂದವರೇ ಕೈಚೀಲ ಇಳಿಸುವ ಮುಂಚೆ ವಿಚಾರಣೆ ಶುರುಮಾಡಿದರು. “ನನ್ನ ಮಗ ಏನ್ ಮಾಡ್ದ ಹೇಳಮ್ಮ, ಇಲ್ಲೇ ನಿಂತ್ಕಂಡು ಬಾರಿಸ್ತೀನಿ,” ಎಂದರು. ಅವರೇನೂ ಮಾಡಿಲ್ಲವೆಂದೆ. “ಏನೂ ಮಾಡ್ದಿದ್ರೆ ಅದೂ ತಪ್ಪೇ ಕಣಮ್ಮ,” ಎಂದು ಮಗನ ಕಡೆ ಕೆಕ್ಕರಿಸಿ ನೋಡಿದರು. ಅವರು ಬಂದ ಸಂತೋಷಕ್ಕೆ ಒಬ್ಬಟ್ಟು ಮಾಡಿದೆ. ತುಪ್ಪ ಹಾಕಿಸಿಕೊಂಡು ಚೆನ್ನಾಗಿಯೇ ತಿಂದರು. ರಾತ್ರಿ ನನ್ನ ಗುಟ್ಟು ಹೊರಡಿಸಲೆಂದು ನನ್ನ ಪಕ್ಕದಲ್ಲೇ, ಒಂದೇ ಜಮಖಾನದ ಮೇಲೆ ಮಲಗಿದರು. ನಾನು ತಮ್ಮನ್ನು ಅದೆಷ್ಟು ಬೇಡಿಕೊಂಡೆನೆಂಬುದು ತಮಗೆ ಗೊತ್ತು. ಈ ಒಂದು ರಾತ್ರಿ, ಹಿರಿಯರಿದ್ದಾರೆ, ಮರ್ಯಾದೆ ಉಳಿಸಿ ಎಂದೆ.

ತಾವು ಹಿರಿಯರ ಮರ್ಯಾದೆಯನ್ನೇ ತೆಗೆದಿರಿ. ಬೆಳಗಿನ ಜಾವ ನನಗೆ ಎಚ್ಚರವಾದಾಗ ಜಮಖಾನ ಒದ್ದೆಯಾಗಿತ್ತು, ನಮ್ಮತ್ತೆ ಪಕ್ಕದಲ್ಲಿರಲಿಲ್ಲ. ಹಿತ್ತಲಿನಲ್ಲಿ ಸದ್ದು ಮಾಡದೆ ತಮ್ಮ ಸೀರೆ ಒಗೆಯುತ್ತಿದ್ದರು. ನನ್ನ ಗುಟ್ಟು ಅವರಿಗೆ ಗೊತ್ತಾಯಿತೆಂದು ನಿದ್ದೆ ಬಂದವಳಂತೆ ಬಿದ್ದುಕೊಂಡೆ. ಆದರೆ ನಾನು ಎದ್ದ ಮೇಲೆ ಜಮಖಾನವನ್ನೂ ಅವರೇ ಒಗೆದುಹಾಕಿದರು. ತಿಂಡಿ ಬೇಡವೆಂದರು, ಊಟ ಬೇಡವೆಂದರು, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತೇನೆಂದು ಮೂಲೆಯಲ್ಲಿ ಕುಳಿತರು. ಮಗನನ್ನು ಬಾರಿಸಲು ಬಂದ ಹೆಂಗಸು ಮಗನ ಮುಖವನ್ನೇ ನೋಡಲಿಲ್ಲ.

ಹಾಲು ತರುವ ಗೌರಕ್ಕ ನನ್ನನ್ನು ಬಾಗಿಲ ಮರೆಗೆ ಕರೆದು ಹೇಳಿದಾಗಲೇ ನನಗೆ ವಿಷಯ ತಿಳಿದದ್ದು. “ನಿಮ್ಮತ್ತೆ ಹೊಟ್ಟೆ ಬಿಗಿಯಾಗಕೆ ಬೇರು ಕೇಳಿದ್ರು ಕಣಮ್ಮ. ಒಬ್ಬಟ್ಟು ತಿಂದು ಮಲಗಿದ್ದಲ್ಲೇ ಹೆಂಗೋ ಆಗ್ಬುಡ್ತಂತೆ. ‘ವಯಸ್ಸಾಯ್ತು, ಇನ್ಮೇಲೆ ಯಾರ ಮನೇಲೂ ಮಲಗಲ್ಲ’ ಅಂತ ಕಣ್ಣೀರಾಕ್ಕಂಡ್ರು. ನಿನಗೆ ಯೋಳ್ಬ್ಯಾಡ ಅಂತ ಆಣೆ ಇಕ್ಸವ್ರೆ.”

ಮಾನ್ಯರೇ, ನನ್ನ ನಿದ್ದೆ ಕೆಡಿಸಿದಿರಿ, ಹಾಸಿಗೆ ಕೆಡಿಸಿದಿರಿ, ಸಹಿಸಿದೆ. ಆದರೆ ಎಂಟು ಮಕ್ಕಳನ್ನು ಹೆತ್ತು, ಯಾರ ಮುಂದೆಯೂ ತಲೆ ತಗ್ಗಿಸದ ಆ ಜೀವ, ತನ್ನದಲ್ಲದ ನಾಚಿಕೆ ಹೊತ್ತು ಹಸಿದುಕೊಂಡು ಬಸ್ಸು ಹತ್ತುವುದನ್ನು ನೋಡುವಷ್ಟು ಗಟ್ಟಿ ಎದೆ ನನಗಿರಲಿಲ್ಲ. ಅವರ ಮುಂದೆ ಕುಳಿತು, ಸೆರಗು ಸರಿಸಿ, ಒದ್ದೆ ಪಂಚೆಯ ಮಡಿಕೆ ತೋರಿಸಿ, “ಅತ್ತೆ, ಅದು ನೀವಲ್ಲ. ನಾನು. ಅದಕ್ಕೇ ಇಲ್ಲಿ ಮಲಗೋದು,” ಎಂದೆ.

ಅವರು ನನ್ನ ಹೊಟ್ಟೆಯನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ಬೈಯುತ್ತಾರೆಂದುಕೊಂಡೆ. “ನಾನಲ್ವಾ? ಖಂಡಿತ ನಾನಲ್ವಾ?” ಎಂದು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಅಯ್ಯೋ ನಿನ್ನ! ಬೆಳಿಗ್ಗೆಯಿಂದ ಹಸ್ಕಂಡು ಸಾಯ್ತಿದೀನಲ್ಲೇ! ಒಬ್ಬಟ್ಟು ಮಿಕ್ಕಿದ್ರೆ ತಗಂಬಾ ಮೊದ್ಲು!” ಎಂದರು. ಒಬ್ಬಟ್ಟು ಬಾಯಲ್ಲಿರುವಾಗಲೇ ನನ್ನ ತಲೆ ಸವರಿ, “ಒಬ್ಳೇ ಇಷ್ಟು ದಿನ ಹೆಂಗಮ್ಮ ತಡ್ಕಂಡೆ?” ಎಂದರು. ಆಗ ನಾನು ಅತ್ತುಬಿಟ್ಟೆ. ಆ ಹೊತ್ತಿನಲ್ಲಿ ತಾವೂ ಬಾಯಿ ಮುಚ್ಚಿಕೊಂಡಿದ್ದಿರಿ, ಅದಕ್ಕೆ ಕೃತಜ್ಞಳು.

ಯಜಮಾನರನ್ನು ಅಂಗಡಿಯಿಂದ ಕರೆಸಿ ಅತ್ತೆಯೇ ಹೇಳಿದರು. ಅವರು ಮೊದಲು, “ಅಂದ್ರೆ ನನ್ನ ಮೇಲೆ ಸಿಟ್ಟಿಲ್ವಾ?” ಎಂದರು, ಆಮೇಲೆ ಕೈ ಒರೆಸಿಕೊಂಡು, “ಪಂಕ್ಚರ್ ಅಲ್ವೇ? ನಡಿ, ಬೆಂಗಳೂರಿಗೆ,” ಎಂದರು. ಅಲ್ಲಿ ಅಷ್ಟು ದೊಡ್ಡ ಡಾಕ್ಟರನ್ನು, “ಗಾಳಿ ಹೊಡೆದು ನೀರಲ್ಲಿ ಮುಳುಗಿಸಿ ನೋಡಿದ್ರಾ ಸ್ವಾಮಿ?” ಎಂದು ಕೇಳಿಯೂಬಿಟ್ಟರು. ಡಾಕ್ಟರು ನಗದೆ, ತಾವು ಸ್ಥಾನ ಬಿಟ್ಟು ಜಾರಿದ್ದೀರೆಂದು, ಮತ್ತೊಮ್ಮೆ ಹೊಟ್ಟೆ ಕೊಯ್ದು ಕೂರಿಸಬೇಕೆಂದು ತಿಳಿಸಿದರು. ಅಲ್ಲಿಯವರೆಗೆ ರಾತ್ರಿ ನಳಿಕೆಯನ್ನು ಒಳಗೇ ಬಿಟ್ಟು, ಅದರ ತುದಿಯನ್ನು ಮಂಚದ ಕೆಳಗಿನ ಬಾಟಲಿಗೆ ಇಳಿಸಿ ಮಲಗಲು ಹೇಳಿಕೊಟ್ಟರು. ಬಾಟಲಿ ಉರುಳದಂತೆ ಯಜಮಾನರು ಸೈಕಲ್ ಸ್ಟ್ಯಾಂಡೊಂದನ್ನು ಬಗ್ಗಿಸಿ ಆಸನ ಮಾಡಿದರು. ನಾನು ಅಡುಗೆಮನೆಯಿಂದ ಮಂಚಕ್ಕೆ ಮರಳಿದೆ.

ಆಪರೇಷನ್ ಆಯಿತು. ನಳಿಕೆ ತೆಗೆದು ಮಲಗಲು ಅಪ್ಪಣೆಯಾದ ಮೊದಲ ರಾತ್ರಿ ನಾನು ಮಗುವಿನಂತೆ ನಿದ್ದೆ ಮಾಡಿ, ಗೌರಕ್ಕ ಹಾಲಿಗೆ ಕೂಗಿದಾಗ ಎದ್ದೆ. ಹಾಸಿಗೆ ಮುಟ್ಟಿ ನೋಡಿದೆ; ಒಣಗಿತ್ತು. ಪಕ್ಕದಲ್ಲಿ ಯಜಮಾನರು ಟಾರ್ಚು ಹಿಡಿದು ಕುಳಿತಿದ್ದರು, ಕಣ್ಣು ಕೆಂಪಗಿದ್ದವು. “ರಾತ್ರಿಯೆಲ್ಲ ನೋಡ್ತಾನೇ ಇದ್ದೆ ಗಂಗೂ, ಒಂದು ತೊಟ್ಟೂ ಇಲ್ಲ,” ಎಂದು ಹೇಳಿ, ಕುಳಿತಲ್ಲೇ ಹಿಂದಕ್ಕೆ ವಾಲಿ ಗೊರಕೆ ಹೊಡೆದರು. ಅಂದು ಸೈಕಲ್ ಶಾಪು ಮಧ್ಯಾಹ್ನದವರೆಗೆ ತೆರೆಯಲಿಲ್ಲ.

ಆದಕಾರಣ ಕೋರುವುದೇನೆಂದರೆ, ಕೂರಿಸಿದಲ್ಲೇ ಕೂರಬೇಕು. ಮತ್ತೆ ರಾತ್ರಿ ಕೆಲಸ ಬೇಸರವಾದರೆ ಒಂದು ತಿಂಗಳು ಮುಂಚಿತವಾಗಿ ತಿಳಿಸಬೇಕು. ಶಿರಾ ಕೆರೆಯ ತೂಬಿಗೆ ತಮ್ಮನ್ನು ವರ್ಗ ಮಾಡಿಸಿ, ಮೀನುಗಳ ನಡುವೆ ಮನಸೋ ಇಚ್ಛೆ ಸೋರಿಕೊಂಡಿರಲು ಏರ್ಪಾಡು ಮಾಡುತ್ತೇನೆ.

ತಮ್ಮನ್ನು ಹೊತ್ತು ತಿರುಗುವ, ತಮ್ಮ ವಿಶ್ವಾಸಿ,
ಸಿದ್ದಗಂಗಮ್ಮ

ಮರೆತ ಮಾತು: ಯಜಮಾನರು ಕವಾಟದವರಾದ ತಮ್ಮ ಕಥೆಯನ್ನು ಪಂಕ್ಚರ್ ಹಾಕಿಸಲು ಬಂದವರಿಗೆಲ್ಲ ಹೇಳಿರುವುದರಿಂದ ಈಗ ಪಾವಗಡದಿಂದ ಟ್ರಂಕ್ ಕಾಲ್ ಮಾಡುವವರೂ ನಂಬರು ಕೊಡುವ ಮುಂಚೆ “ಹೊಟ್ಟೆ ಹೆಂಗಿದೆ ಅಕ್ಕಾ?” ಎಂದು ಕೇಳುತ್ತಾರೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಯಜಮಾನರ ಬಾಯಿಗೂ ತಮ್ಮಂಥವರನ್ನೊಬ್ಬರನ್ನು ಹೊಲಿಸುವ ವಿಚಾರವಿದೆ. ತಮ್ಮ ಬಂಧುಗಳಲ್ಲಿ ಹಗಲಿನಲ್ಲೂ ಬಾಗಿಲು ಹಾಕಿಕೊಳ್ಳಬಲ್ಲವರು ಯಾರಾದರೂ ಇದ್ದರೆ ತಿಳಿಸಿ.