ಕಾರಿಗೆ ನಾನೇ ಕಿಟಕಿ ಹೊಲಿದದ್ದು

ಫೋಟೋ ತೆಗೆಯಬಲ್ಲವನಿಗೆ ಈ ಜಗತ್ತಿನಲ್ಲಿ ಅಸಾಧ್ಯವಾದ ಕೆಲಸವಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಹೊಸಪೇಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಅದರ ಮುಂದೆ, ಇಂಗ್ಲೆಂಡಿಗೆ ಮರಳಿದ ಬಿಳಿ ದೊರೆಯೊಬ್ಬರಿಂದ ಕೊಂಡ, ಬಟ್ಟೆಯ ಚಾವಣಿಯ ಓಟದ ಕಾರು. ಅದರ ಪಕ್ಕದ ಕಿಟಕಿಗಳೂ ಗಾಜಿನವಲ್ಲ, ಬಟ್ಟೆಗೆ ಹೊಲಿದ ಸೆಲ್ಯುಲಾಯ್ಡ್ ಹಾಳೆಗಳು. ಅವು ಹಳದಿಯಾಗಿ ಹಪ್ಪಳದಂತೆ ಮುರಿದಿದ್ದವು.

ಹಂಪಿಯಲ್ಲಿದ್ದ ನನ್ನ ನಾದಿನಿಯನ್ನು ನೋಡಲು ಕಂಪ್ಲಿಯಿಂದ ವರ ಮತ್ತು ಅವನ ತಂದೆ ಬರುವವರಿದ್ದರು. ಹೊಸಪೇಟೆಯಿಂದ ಅವರನ್ನು ಕರೆದೊಯ್ಯುವ ಹೊಣೆ ನನ್ನದು.

“ಹುಡುಗನ ಅಪ್ಪಗ ದಮ್ಮಿನ ಬ್ಯಾನಿ ಐತಿ. ಧೂಳು ಕುಡಿಸಿ ಸಂಬಂಧ ಕೆಡಿಸೀರಿ! ಮದ್ರಾಸಿನಿಂದ ಹಾಳಿ ತರಸ್ರಿ” ಎಂದಳು ನನ್ನಾಕೆ.

“ಮದ್ರಾಸ್ ಯಾಕ? ನನ್ನ ಹಳೇ ನೆಗೆಟಿವ್ ಎಲ್ಲಾ ಸೆಲ್ಯುಲಾಯ್ಡೇ. ತೊಳದ್ರ ಮಸ್ತ್ ಕಿಟಕಿ ಆಕ್ಕಾವ!”

ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದೆ. ಎಷ್ಟೋ ಜನರ ಮುಖಗಳು ಚರಂಡಿ ಸೇರಿದವು. ನನ್ನಾಕೆಯ ಹೊಲಿಗೆ ಯಂತ್ರದಲ್ಲಿ ಹಾಳೆಗಳನ್ನು ಜೋಡಿಸಿದೆ. ಮೂರು ಸೂಜಿ ಮುರಿದವು. ಕೊನೆಯ ಹಾಳೆಯಲ್ಲಿ ಮಸುಕಾದ ಕಲೆಯಷ್ಟೇ ಇತ್ತು, ಆಕಾಶಕ್ಕೆ ಹಿಡಿದರೆ ಕಾಣುತ್ತಲೇ ಇರಲಿಲ್ಲ. ತೊಳೆಯದೆ ಹೊಲಿದುಬಿಟ್ಟೆ!

ನನ್ನಾಕೆ ಹಿಂದಿನ ದಿನವೇ ಹಂಪಿಗೆ ಹೋಗಿದ್ದಳು. ಪ್ರಯಾಣ ಸುಖವಾಗಿತ್ತು. ಹುಡುಗನ ಅಪ್ಪ, ಆ ಯಜಮಾನರು, ಒಮ್ಮೆಯೂ ಕೆಮ್ಮಲಿಲ್ಲ. ಹಂಪಿ ಬಜಾರಿನಲ್ಲಿ ನಾದಿನಿಯ ಮನೆ ಮುಂದೆ ಇಳಿದು ಬಾಗಿಲು ಹಾಕಿದರು, ಹಿಂತಿರುಗಿ ನೋಡಿದರು, ಕಿರುಚಿದರು.

“ಅಯ್ಯಯ್ಯಪ್ಪಾ! ಒಳಗ ಹೆಣ್ಮಗಳು ಕುಂತಾಳ!”

“ಕಾರು ಖಾಲಿ ಐತ್ರೀ” ಎಂದು ನಕ್ಕು ಬಗ್ಗಿ ನೋಡಿದೆ. ಕಿಟಕಿಯಲ್ಲಿ ಒಬ್ಬ ಹೆಂಗಸು, ಮಡಿಲಲ್ಲಿ ಕೂಸು! ಮಸುಕು ನೆಗೆಟಿವ್‌ನ ಹಿಂದೆ ಕತ್ತಲಿದ್ದು ಮುಂದೆ ಬಿಸಿಲು ಬಿದ್ದರೆ ಚಿತ್ರ ಕಪ್ಪು-ಬಿಳುಪು ತಿರುಗಿ, ಅಚ್ಚು ಹಾಕಿದ ಫೋಟೋದಂತೆಯೇ ಕಾಣುತ್ತದೆ. ಇದು ನನ್ನ ಕಸುಬಿನ ಮೊದಲ ಪಾಠ. ಅದನ್ನೇ ಮರೆತಿದ್ದೆ!

“ಇಕಿ ನನ್ನ ಹೇಣ್ತಿ! ಸತ್ತು ಇಪ್ಪತ್ತು ವರ್ಷ ಆತು” ಎಂದ ಯಜಮಾನರು ನನ್ನ ಮುಖವನ್ನೇ ದಿಟ್ಟಿಸಿದರು. “ಲೇ, ಸೈಕಲ್ ಮ್ಯಾಲೆ ಕಂಪ್ಲಿಗೆ ಬಂದು ಪಟ ತೆಗದಾವ ನೀನಽ ಅಲ್ಲೇನು? ಪಟ ಕಳದು ಹೋತು ಅಂದಿದ್ದಿ!”

ಕಳೆದಿರಲಿಲ್ಲ. ಸಾಕಷ್ಟು ಬೆಳಕು ಕೊಡದೆ ಕೆಡಿಸಿದ್ದೆ. ಹೇಳಲು ನಾಚಿಕೆಯಾಗಿ ಸುಳ್ಳು ಹೇಳಿದ್ದೆ.

ತಾಯಿಯ ಮುಖವನ್ನೇ ಕಾಣದೆ ಬೆಳೆದ ಹುಡುಗ ಕಾರಿನ ಕಿಟಕಿಯ ಮುಂದೆ ಮಂಡಿಯೂರಿ ಕುಳಿತ. “ಇಕೀನ ಏನಪ್ಪಾ ನಮ್ಮವ್ವ?” ನನಗೆ ನೆಲವೇ ಬಾಯಿಬಿಡಬಾರದೇ ಎನಿಸಿತು. ಸಂಬಂಧ ಮುಗಿಯಿತು ಅಂದುಕೊಂಡೆ.

ಚಹಾ ತಂದ ನಾದಿನಿಯತ್ತ ಅವನು ತಿರುಗಲೂ ಇಲ್ಲ. ಅವಳು ತಟ್ಟೆ ಕೆಳಗಿಟ್ಟು ಒಳಗೋಡಿ ಕರಿ ಕಂಬಳಿ ತಂದಳು. ಕಾರೊಳಗೆ ಕೂತು, ಅದನ್ನು ಕಿಟಕಿಯ ಹಿಂದೆ ಹಿಡಿದಳು.

“ಈಗ ನೋಡ್ರಿ. ಕಣ್ಣೂ ಕಾಣ್ತಾವ.”

ತಂದೆ ಮಗ ಇಬ್ಬರೂ ಅತ್ತರು. ನಾನೂ ಅತ್ತೆ, ಬಹುಪಾಲು ಹೆದರಿಕೆಯಿಂದ.

ಬಹಳ ಹೊತ್ತಿನ ಮೇಲೆ ಯಜಮಾನರು ಕಣ್ಣೊರೆಸಿಕೊಂಡರು. “ಹುಡುಗಿ ನಮಗ ಒಪ್ಪಿಗಿ ಐತಿ. ಆದ್ರ ಒಂದು ಕರಾರು.”

“ಅಪ್ಪಣಿ ಆಗ್ಲಿ” ಎಂದು ಕೈಮುಗಿದೆ.

“ಮದಿವಿ ಪಟ ತೆಗ್ಯಾಕ ಬಳ್ಳಾರಿಯವ್ರನ್ನ ಕರಸ್ತೀವಿ. ನೀವು ಸುಮ್ನ ಕಾರು ಹೊಡೀರಿ!”

ನಾನು ಬಾಯಿ ತೆರೆಯುವ ಮೊದಲೇ ನನ್ನಾಕೆ ಒಪ್ಪಿಬಿಟ್ಟಳು.