ಲಿವರಿಗೊಂದು ಚಿಟಿಕೆ ಸೋಡಾ

ಗುಂಯ್... ಗಾಜಿನೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ ಗುನುಗುತ್ತಿತ್ತು ಆ ಡಬ್ಬಿ. ಇಂದಿಗೂ ಫ್ರಿಜ್ ಸದ್ದು ಮಾಡಿದರೆ ನನ್ನ ಎದೆ ಧಸಕ್ಕೆನ್ನುತ್ತದೆ.

ಅಣ್ಣನ ಮಗಳು ಸುಜಾತಾ ಅದನ್ನು ರಾಯಚೂರಿನಿಂದ ಹುಬ್ಬಳ್ಳಿಯ ಲ್ಯಾಬಿಗೆ ಒಯ್ಯುತ್ತ ಗಂಗಾವತಿಯ ನಮ್ಮ ಮನೆಯಲ್ಲಿ ಇಳಿದಿದ್ದಳು. ಡಬ್ಬಿಯೊಳಗೆ ಗಾಜಿನ ಕುಪ್ಪಿ. ಕುಪ್ಪಿಯಲ್ಲಿ ಲ್ಯಾಬಿನಲ್ಲೇ ಬೆಳೆಸಿದ, ಜೋಳದ ಕಾಳಿನಷ್ಟು ಲಿವರ್! ಅದರ ಸುತ್ತ ಕಣ್ಣಿಗೆ ಕಾಣದ ಸೆನ್ಸರ್ ಕಣಗಳು. ನೀಲಿ ಬೆಳಕು ಬಿದ್ದರೆ ಅವು ಹುಳಿಗೆ ತಕ್ಕಂತೆ ಮಿನುಗುತ್ತವೆ. ಡಬ್ಬಿ ಅದನ್ನು ಓದಿ ಅಂಕಿ ತೋರಿಸುತ್ತದೆ. ಹುಳಿ ಏರಿದರೆ ಅಂಕಿ ಇಳಿಯುತ್ತದೆ.

ಬಸುರಿ ಗೆಳತಿಯ ಕುಬಸಕ್ಕೆ ಹತ್ತಿರದ ಸಿದ್ದಾಪುರಕ್ಕೆ ಹೊರಟವಳು ಹೇಳಿದಳು: "ಏಳಕ್ಕಿಂತ ಕೆಳಗ ಇಳದ್ರ ಫೋನ್ ಮಾಡ್ರಿ ಅತ್ತಿ. ಇದು ಸತ್ರ ನನ್ನ ಥೀಸಿಸ್ಸೂ ಸತ್ತಂಗ."

ಕಾನ್ವೆಂಟಿನಲ್ಲಿ ಓದಿ, ಮೂವತ್ತು ವರ್ಷ ಮಕ್ಕಳಿಂದ ಲಿಟ್ಮಸ್ ಅದ್ದಿಸಿದ ಸೈನ್ಸ್ ಟೀಚರ್ ನಾನು. ನನಗೇ ಪಾಠವೇ!

ಆದರೆ ಮನೆಗೆ ಬಂದ ಯಂತ್ರಕ್ಕೆ ಅರಿಶಿನ-ಕುಂಕುಮ ಹಚ್ಚದೆ ಬಿಟ್ಟವಳೂ ನಾನಲ್ಲ. ಡಬ್ಬಿಗೆ ಹಚ್ಚಿದೆ. ಜೀವ ಇರುವುದು ಕುಪ್ಪಿಯಲ್ಲಿ ತಾನೇ? ಡಬ್ಬಿಯ ಮುಚ್ಚಳ ತೆಗೆದು ಕುಪ್ಪಿಯ ಹೊರಮೈಗೂ ಹಚ್ಚಿದೆ.

ಅಂಕಿ ಏಳೂವರೆಯಿಂದ ಆರಕ್ಕೆ ಬಿತ್ತು!

ಫೋನ್ ಮಾಡಿದರೆ ನಾಟ್ ರೀಚಬಲ್. ಪೇಷಂಟ್ ಕಣ್ಣೆದುರೇ ಸಾಯುತ್ತಿದೆ, ಡಾಕ್ಟರ್ ಕುಬಸದ ಊಟಕ್ಕೆ ಕೂತಿದ್ದಾಳೆ. ಅಡುಗೆಮನೆಗೆ ಓಡಿ ಸೋಡಾ ತಂದೆ.

ನಮ್ಮವರು ಬಾಗಿಲಿಗೇ ಅಡ್ಡ ನಿಂತರು. "ಅದು ದ್ವಾಸಿ ಹಿಟ್ಟಲ್ಲ, ಲಿವರ್ ಐತಿ."

"ಆಸಿಡ್ ಅಂದ್ರ ಆಸಿಡ್ಡೇರಿ. ನೀವು ಸುಮ್ನ ಕೂಡ್ರಿ."

ಕುಪ್ಪಿಯ ಬಿರಡೆ ತೆಗೆದು ಒಂದು ಚಿಟಿಕೆ ಹಾಕಿದೆ. ಅಂಕಿ ಕದಲಲಿಲ್ಲ. ಇನ್ನೊಂದು. ಊಹೂಂ. ಭಯಕ್ಕೆ ಅಳತೆ ಎಲ್ಲಿಯದು? ಅರ್ಧ ಚಮಚೆಯನ್ನೇ ಸುರಿದು, ಮೇರಿ ಮಾತೆಯಿಂದ ಹಿಡಿದು ಮನೆದೇವರವರೆಗೆ ಎಲ್ಲರನ್ನೂ ಕೂಗಿದೆ.

ಸುಜಾತಾ ಬಂದಳು. ಕುಪ್ಪಿಯನ್ನು ನೋಡಿದಳು, ಕರ್ಚೀಫಿನಿಂದ ಒರೆಸಿದಳು. ಅಂಕಿ ಎಂಟು ದಾಟಿ ಹಾರಿತು.

"ಹುಳಿ ಆಗಿರ್ಲೇ ಇಲ್ಲ ಅತ್ತಿ. ನೀಲಿ ಬೆಳಕಿಗೆ ಅರಿಷಿಣನೂ ಮಿನುಗತೈತಿ. ಇದು ಓದಿದ್ದು ನಿಮ್ಮ ಅರಿಷಿಣಾನ." ಆಮೇಲೆ ಮೆಲ್ಲಗೆ, "ಸತ್ತಿದ್ದು ಸೋಡಾಕ್ಕ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಹಾ ಕುಡಿದು, ನನ್ನ ಕಾಲಿಗೆ ನಮಸ್ಕರಿಸಿಯೇ ಹೊರಟಳು.

ಆಮೇಲೆ ಅವಳು ಈ ಕಡೆ ಬಂದಿಲ್ಲ. ನಾನು ಅವಳನ್ನು ಕೊನೆಯ ಸಲ ಕಂಡದ್ದು ಹುಬ್ಬಳ್ಳಿ ಬಸ್ಸಿನ ಕಿಟಕಿಯಲ್ಲಿ. ಟಾಟಾ ಮಾಡಲು ನಾನು ಹತ್ತಿರ ಹೋದೆ. ಅವಳು ತೊಡೆಯ ಮೇಲಿದ್ದ ಡಬ್ಬಿಯನ್ನು ಮೆಲ್ಲಗೆ ಆಚೆ ಬದಿಗೆ ಸರಿಸಿಕೊಂಡಳು. ಪಾಪ, ಅದರಲ್ಲಿ ನಾನು ಕೊಲ್ಲುವಂಥದ್ದು ಏನೂ ಉಳಿದಿರಲಿಲ್ಲ.