ಗ್ರಂಥಿಭೇದಕನೂ ನನ್ನ ಚಾಕೊಲೇಟ್ ಚೀಲವೂ

ನನ್ನ ಕಣ್ಣಿಗೆ ಮಣ್ಣೆರಚುವ ಕಳ್ಳ ಇನ್ನೂ ಹುಟ್ಟಿಲ್ಲ! ಕಾನೂನು ಕಾಲೇಜಿನಲ್ಲಿ ಪ್ರಾಚೀನ ಕಳ್ಳರ ಬಗ್ಗೆ ಪಾಠ ಹೇಳುವ ಮೇಷ್ಟರು ನಾನು. ಗೋಡೆಗೆ ಕನ್ನ ಹಾಕುವವನು ಸಂಧಿಚ್ಛೇದಕ, ಮೈಮರೆತವರ ವಸ್ತು ಎಗರಿಸುವವನು ಉತ್ಕ್ಷೇಪಕ, ಗಂಟು ಬಿಚ್ಚಿ ಲಪಟಾಯಿಸುವವನು ಗ್ರಂಥಿಭೇದಕ. ಎಲ್ಲರೂ ನನಗೆ ಕಂಠಪಾಠ. ಅಂಥ ನನ್ನ ಮನೆಯಲ್ಲೇ ಕಳ್ಳತನವೇ? ಹಿಡಿದೇ ತೀರುತ್ತೇನೆ ಎಂದು ಪಣ ತೊಟ್ಟೆ.

ಕಷ್ಟ ಏನೆಂದರೆ, ಬಾಯಿಬಿಟ್ಟು ದೂರು ಕೊಡುವಂತಿರಲಿಲ್ಲ. ಹೋಗುತ್ತಿದ್ದುದು ಚಾಕೊಲೇಟು! ಡಾಕ್ಟರು ನನಗೆ ಸಿಹಿ ಮುಟ್ಟಕೂಡದು ಎಂದಿದ್ದರು. ಹೆಂಡತಿ ನನ್ನನ್ನು ಹದ್ದಿನ ಕಣ್ಣಲ್ಲಿ ಕಾಯುತ್ತಿದ್ದಳು. ನಾನೋ, ಬಟ್ಟೆ ಚೀಲದಲ್ಲಿ ಚಾಕೊಲೇಟು ತುಂಬಿ, ಬಾಯಿಗೆ ಗಂಟು ಹಾಕಿ, ದಪ್ಪ ದಪ್ಪ ಕಾನೂನು ಪುಸ್ತಕಗಳ ಹಿಂದೆ ಬಚ್ಚಿಟ್ಟಿದ್ದೆ. ಆ ಚೀಲ ದಿನೇ ದಿನೇ ಸೊರಗುತ್ತಿತ್ತು.

"ಮನೇಲಿ ಕಳ್ಳತನ ಆಗ್ತಿದೆ ಕಣೇ!"

"ಅಯ್ಯೋ! ಏನು ಹೋಯ್ತು?"

"ಅದನ್ನ ಹೇಳೋ ಹಾಗಿಲ್ಲ."

"ಹೇಳೋಕಾಗದೇ ಇರೋದು ಹೋದ್ರೆ ಒಳ್ಳೇದೇ ಆಯ್ತು ಬಿಡಿ," ಎಂದು ಅವಳು ಅಡುಗೆಮನೆಗೆ ನಡೆದಳು.

ನಾನೇ ತನಿಖೆಗಿಳಿದೆ. ಗೋಡೆಗೆ ಗಾಯವಿಲ್ಲ, ಸಂಧಿಚ್ಛೇದಕ ಬಚಾವು. ಆದರೆ ಗಂಟು! ನಾನು ಹಾಕುವುದು ಸೋಮಾರಿ ಗಂಟು. ಈಗ ಅಲ್ಲಿದ್ದುದು ಬಿಗಿಯಾದ, ಒಪ್ಪವಾದ ಗಂಟು. ಗ್ರಂಥಿಭೇದಕನೇ ಸರಿ! ಅಂಥ ಚುರುಕು ಬೆರಳು ಈ ಮನೆಯಲ್ಲಿ ಯಾರದು? ಮಗಳ ಮನೆಗೆಂದು ಬಂದಿದ್ದ ಮಾವನದು. ಮಾವ ಹೆಸರಾಂತ ಟೈಲರ್. ಪೇಪರ್ ಹುಡುಕುವ ನೆಪದಲ್ಲಿ ಅವರು ನನ್ನ ಕೋಣೆಗೆ ಹೋಗುವುದು, ಊಟವಾಗಿ ಎಷ್ಟೋ ಹೊತ್ತಿನ ಮೇಲೂ ಬಾಯಿ ಚಪ್ಪರಿಸುವುದು, ಎಲ್ಲಕ್ಕೂ ಈಗ ಅರ್ಥ ಸಿಕ್ಕಿತು.

ಸಂಜೆ ಟೀ ಹೊತ್ತಿಗೆ ಬಲೆ ಬೀಸಿದೆ. "ಮಾವ, ಹಳೇ ಕಾನೂನಲ್ಲಿ ಗಂಟು ಬಿಚ್ಚೋ ಕಳ್ಳ ಮೊದಲ ಸಲ ಸಿಕ್ಕಿಬಿದ್ರೆ ಏನ್ ಮಾಡ್ತಿದ್ರು ಗೊತ್ತಾ? ಬೆರಳು ಕತ್ತರಿಸ್ತಿದ್ರು!"

ಹೇಳುತ್ತಾ ಅವರ ಬೆರಳುಗಳನ್ನೇ ದಿಟ್ಟಿಸಿದೆ. ಮಾವ ಲೋಟ ಕುಕ್ಕಿದರು.

"ಅಳಿಯಂದಿರೇ, ಊರಿಗೆಲ್ಲ ಬಟ್ಟೆ ಹೊಲಿದವನು ನಾನು. ಒಂದು ಚೂರು ಬಟ್ಟೆ ಉಳಿಸ್ಕೊಂಡವನಲ್ಲ. ನನ್ನ ಕಳ್ಳ ಅಂದ್ರಾ? ಇನ್ನು ಈ ಹೊಸ್ತಿಲು ತುಳಿಯೋನಲ್ಲ!"

ಸೂಟ್‌ಕೇಸು ಬಾಗಿಲಿಗೆ ಬಂತು. ಹೆಂಡತಿ ಕಣ್ಣಲ್ಲಿ ನೀರು. "ಏನು ಕಳೆದಿದೆ ಅಂತ ಈಗ ಹೇಳ್ತೀರೋ ಇಲ್ವೋ?"

ಹೇಳದಿದ್ದರೆ ಮಾವ ಶಾಶ್ವತವಾಗಿ ಹೊರಗೆ. ಹೇಳಿದರೆ ನನ್ನ ಕಥೆ ಮುಗಿದಂತೆ. ಅವಳ ಮುಖ ನೋಡಿ ಸೋಲೊಪ್ಪಿಕೊಂಡೆ.

"ಚಾಕೊಲೇಟು!" ಎಂದೆ.

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅದನ್ನ ತೆಗೀತಿದ್ದೋಳು ನಾನು! ಒಟ್ಟಿಗೇ ತೆಗೆದ್ರೆ ಬೇರೆ ಕಡೆ ಬಚ್ಚಿಡ್ತೀರಿ ಅಂತ ಸ್ವಲ್ಪ ಸ್ವಲ್ಪ ತೆಗೆದೆ. ಎಸೆಯೋಕೆ ಮನಸ್ಸಾಗದೆ ಅಪ್ಪಂಗೆ ಕೊಟ್ಟೆ."

"ಮತ್ತೆ ಆ ಗಂಟು?"

"ಟೈಲರ್ ಮಗಳಲ್ವೇನ್ರೀ?"

ಮಾವ ಸೂಟ್‌ಕೇಸು ಕೆಳಗಿಟ್ಟರು. "ಮಗಳು ಪ್ರೀತಿಯಿಂದ ಕೊಡ್ತಾಳೆ ಅಂತ ತಿಂದೆ. ಅಳಿಯಂದಿರ ಕಳ್ಳಮಾಲು ಅಂತ ಗೊತ್ತಿರಲಿಲ್ಲ."

ಕ್ಷಮೆ ಕೇಳಿದೆ. ಮಾವ ಉದಾರಿ, ಕ್ಷಮಿಸಿದರು, ಉಳಿದರು. ಉಳಿದವರು ಸುಮ್ಮನಿರಬೇಕಲ್ಲ! ಸೂಜಿ ದಾರ ತೆಗೆದು, ಮಿಕ್ಕ ಚಾಕೊಲೇಟು ಒಳಗಿರುವಂತೆಯೇ ಚೀಲದ ಬಾಯನ್ನು ಹೊಲಿದು ನನ್ನ ಮೇಜಿನ ಮೇಲಿಟ್ಟರು.

"ಇಲ್ಲೇ ಇರಲಿ, ಅಳಿಯಂದಿರೇ. ಒಂದು ಹೊಲಿಗೆ ಬಿಚ್ಚಿದ್ರೂ ನನಗೆ ಗೊತ್ತಾಗುತ್ತೆ," ಎಂದವರು ಕತ್ತರಿಯನ್ನು ಕಚಕಚನೆ ಆಡಿಸುತ್ತಾ ಕೇಳಿದರು: "ಮೊದಲ ಸಲ ಸಿಕ್ಕಿಬಿದ್ರೆ ಏನು ಕತ್ತರಿಸ್ತಿದ್ರು ಅಂದ್ರಿ?"